ಯುಪಿಎಸ್ ಮೇಂಟೆನೆನ್ಸ್: ಸೈಲೆನ್ಸ್ ಹಾಕಿದರೂ ರಾತ್ರಿಯಿಡೀ ಅಲರ್ಟ್, ಏನು ಮಾಡಲಿ?

ರಾತ್ರಿಪಾಳಿ | ಭಾನುವಾರ ಬೆಳಿಗ್ಗೆ 7:12
ನಿನ್ನೆ ರಾತ್ರಿ 11ರಿಂದ ಬೆಳಗಿನ 5ರ ತನಕ ಡೇಟಾ ಸೆಂಟರ್‌ನಲ್ಲಿ ಎ ಫೀಡ್ (ಸರ್ವರ್‌ಗಳಿಗೆ ಕರೆಂಟ್ ಕೊಡುವ ಎರಡು ಲೈನ್‌ಗಳಲ್ಲಿ ಒಂದು; ಇನ್ನೊಂದು ಬಿ) ಆರಿಸಿ ಅದರ ಯುಪಿಎಸ್ ಬ್ಯಾಟರಿ ಬದಲಾಯಿಸುವ ಕೆಲಸ ಇತ್ತು. ಅಲರ್ಟ್ ಕಳಿಸುವ ಸಾಫ್ಟ್‌ವೇರ್ ಅಲರ್ಟ್‌ಮ್ಯಾನೇಜರ್‌ನಲ್ಲಿ ಸೈಲೆನ್ಸ್ (ಅಷ್ಟು ಹೊತ್ತು ಅಲರ್ಟ್ ತಡೆಯೋದು) ಹಾಕಿದ್ದೆ. ಆದರೂ ಫೋನ್ ನಿಲ್ಲಲೇ ಇಲ್ಲ. ಮಗು ಎರಡು ಸಲ ಎದ್ದು ಅತ್ತಿತು. ಸಾಲದ್ದಕ್ಕೆ ಸರ್ವರ್ ಕಂಪನಿಯಲ್ಲಿ ತಾನಾಗೇ ಕೇಸ್ ಓಪನ್ ಆಗಿವೆ. ಬೆಳಿಗ್ಗೆ ಆರಕ್ಕೇ ಅವರ ಎಂಜಿನಿಯರ್ ಫೋನ್ ಮಾಡಿ "ಪಾರ್ಟ್ ಕಳಿಸಲಾ ಸರ್?" ಅಂತ ಕೇಳಿದರು. ಮುಂದಿನ ಶನಿವಾರ ಬಿ ಫೀಡ್ ಸರದಿ. ಇನ್ನೊಂದು ರಾತ್ರಿ ಹೀಗೆ ಕಳೆಯೋಕೆ ಆಗಲ್ಲ. ಗೊತ್ತಿರುವವರು ಹೇಳಿ.

ಮಲ್ನಾಡ್_ಅಡ್ಮಿನ್ | 7:40
ಟೈಮ್ ಝೋನ್, ಬೇರೇನೂ ಅಲ್ಲ. ಅಲರ್ಟ್‌ಮ್ಯಾನೇಜರ್ ಪರದೆಯಲ್ಲಿ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಇರುತ್ತದೆ. ನೀವು 23:00 ಅಂತ ಬರೆದರೆ ಇಲ್ಲಿ ಬೆಳಗಿನ 4:30ಕ್ಕೆ ಸೈಲೆನ್ಸ್ ಶುರುವಾಗುತ್ತದೆ. ನಾನೂ ಇದರಲ್ಲಿ ಏಟು ತಿಂದಿದ್ದೇನೆ.

ರಾತ್ರಿಪಾಳಿ | 7:52
ಅಲ್ಲ ಸರ್. 11ಕ್ಕೆ ಸರಿಯಾಗಿ ಅದರ ಕಮಾಂಡ್ ಟೂಲ್ ಆಮ್‌ಟೂಲ್‌ನಿಂದ ಹಾಕಿದೆ, ಡ್ಯುರೇಶನ್ 6 ಗಂಟೆ.

ಮಲ್ನಾಡ್_ಅಡ್ಮಿನ್ | 7:58
ಹಾಗಾದರೆ ಆ ಯಂತ್ರದ ಗಡಿಯಾರವೇ ತಪ್ಪಿರಬೇಕು. ಗಡಿಯಾರ ಹೊಂದಿಸುವ ಎನ್‌ಟಿಪಿ ನೋಡಿ. ಸೈಲೆನ್ಸ್ ಕೆಲಸ ಮಾಡಿಲ್ಲ ಅಂದರೆ ಸಮಯದ್ದೇ ತೊಂದರೆ.

ಕೇಬಲ್‌ಕಟ್ಟು | 8:20
ಗಡಿಯಾರ ಬಿಡಿ. ಒಂದೊಂದು ಸರ್ವರ್‌ನ ಎರಡು ಪಿಎಸ್‌ಯು (ಪವರ್ ಸಪ್ಲೈ) ಎರಡು ಬೇರೆ ಪಿಡಿಯುಗೆ (ರ‍್ಯಾಕ್‌ನ ಪವರ್ ಪಟ್ಟಿ) ಹೋಗಿವೆ ಅಲ್ವಾ? ಎ ಗೆ ಕೆಂಪು ಕೇಬಲ್, ಬಿ ಗೆ ನೀಲಿ ಕೇಬಲ್ ಇದ್ದರೆ ಕಣ್ಣಲ್ಲೇ ಗೊತ್ತಾಗುತ್ತದೆ. ಒಂದೊಂದು ಫೀಡ್‌ನ ಲೋಡ್ ಬ್ರೇಕರ್‌ನ 40% ಒಳಗೇ ಇರಲಿ. ಒಂದು ಹೋದಾಗ ಪೂರ್ತಿ ಭಾರ ಇನ್ನೊಂದರ ಮೇಲೆ ಬೀಳುತ್ತದೆ.

ಮೈಸೂರ್_ರ‍್ಯಾಕ್ | 8:31
ಬಣ್ಣ ನಂಬಬೇಡಿ. ಕೇಬಲ್ ಸಿಗದೇ ಇದ್ದಾಗ ಕೈಗೆ ಬಂದದ್ದು ಹಾಕಿಬಿಡುತ್ತಾರೆ. ಎರಡೂ ತುದಿಗೆ ಲೇಬಲ್ ಅಂಟಿಸಿ. ನಮ್ಮ ಮನೆಯ ಅರ್ಧ ರ‍್ಯಾಕ್‌ಗೂ ಹಾಗೇ ಮಾಡಿದ್ದೇನೆ. 48 ವೋಲ್ಟ್ ಇನ್ವರ್ಟರ್, 150 ಆಂಪಿಯರ್ ಅವರ್‌ನ ನಾಲ್ಕು ಟ್ಯೂಬುಲರ್ ಬ್ಯಾಟರಿ. ಮಳೆಗಾಲದಲ್ಲಿ ಕರೆಂಟ್ ಎಷ್ಟು ಸಲ ಹೋದರೂ ಒಂದು ಸರ್ವರ್ ಕೂಡ ಮಲಗಿಲ್ಲ.

ಕೇಬಲ್‌ಕಟ್ಟು | 8:35
ಮನೆಯ ರ‍್ಯಾಕ್‌ಗೆ ಲೇಬಲ್ ಸಾಕು. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಹಿಂಬದಿ ಬಾಗಿಲು ತೆಗೆದಾಗ ಬಣ್ಣವೇ ಕಾಪಾಡೋದು.

ತುಂಗಾತೀರ | 9:05
ರಾತ್ರಿಪಾಳಿಯವರೇ, ಮೇಲ್ ಬಂದಿರೋದು ಯಾವ ವಿಳಾಸದಿಂದ? ಅದು ನೋಡದೆ ನಾವು ಸುಮ್ನೆ ಊಹೆ ಮಾಡುತ್ತಿದ್ದೇವೆ. ಸರ್ವರ್ ಎಷ್ಟು, ಮೇಲ್ ಎಷ್ಟು?

ರಾತ್ರಿಪಾಳಿ | 9:30
ಅಯ್ಯೋ, ಇದನ್ನು ಮೊದಲೇ ಹೇಳಬೇಕಿತ್ತು. ಅಲರ್ಟ್‌ಮ್ಯಾನೇಜರ್ ವಿಳಾಸ ಅಲ್ಲ, ಒಂದೊಂದು ಸರ್ವರ್‌ನ ಬಿಎಂಸಿಯಿಂದಲೇ (ಸರ್ವರ್ ಒಳಗೇ ಇದ್ದು ಹಾರ್ಡ್‌ವೇರ್ ಮೇಲೆ ಕಣ್ಣಿಡುವ ಚಿಪ್) ಬಂದಿವೆ. ಹಿಂದೆ ಇದ್ದವರು ಸೆಟ್ ಮಾಡಿದ್ದು. ಆ ಮೇಲ್‌ಬಾಕ್ಸ್‌ಗೆ ಏನೇ ಬಿದ್ದರೂ ಆನ್‌ಕಾಲ್ ಫೋನ್ ಬಾರಿಸುತ್ತದೆ. 38 ಸರ್ವರ್, ಒಟ್ಟು 150 ಮೇಲ್.

ತುಂಗಾತೀರ | 9:41
ಸಿಕ್ಕಿತು. ನೀವು ಮುಚ್ಚಿದ ಬಾಗಿಲು ಬೇರೆ, ಅಲರ್ಟ್ ಬಂದ ಬಾಗಿಲು ಬೇರೆ. ಬಿಎಂಸಿ ನೇರವಾಗಿ ಮೇಲ್ ಕಳಿಸಿದರೆ ಅಲರ್ಟ್‌ಮ್ಯಾನೇಜರ್‌ಗೆ ಅದರ ಸುಳಿವೇ ಇರಲ್ಲ. ಕಂಪನಿಯ ಕೇಸ್‌ಗಳೂ ಬಿಎಂಸಿ ಕೊಟ್ಟ ಸುದ್ದಿಯಿಂದಲೇ ಹುಟ್ಟಿರುತ್ತವೆ. ಆ ಸುದ್ದಿಯನ್ನು ಕಂಪನಿಗೆ ಮುಟ್ಟಿಸುವ ಕಲೆಕ್ಟರ್ ಸಾಫ್ಟ್‌ವೇರ್‌ನಲ್ಲಿ ಮೇಂಟೆನೆನ್ಸ್ ಮೋಡ್ ಇದ್ದರೆ ಅದನ್ನೂ ಹಾಕಬೇಕು.

ಆದರೆ ಲೆಕ್ಕ ಕೂಡುತ್ತಿಲ್ಲ. ಮೇಲ್‌ಗಳನ್ನು ವಿಷಯದ ಪ್ರಕಾರ ವಿಂಗಡಿಸಿ ನೋಡಿ. ಕರೆಂಟ್ ಹೋದಾಗ ಸರ್ವರ್‌ಗೆ ಎರಡು, ಇನ್‌ಪುಟ್ ಲಾಸ್ಟ್ (ಪಿಎಸ್‌ಯುಗೆ ಕರೆಂಟ್ ಇಲ್ಲ) ಒಂದು, ರಿಡಂಡೆನ್ಸಿ ಲಾಸ್ಟ್ (ಬದಲಿ ಪಿಎಸ್‌ಯು ಆಸರೆ ಇಲ್ಲ) ಒಂದು. ವಾಪಸ್ ಬಂದಾಗ ಇನ್ನೆರಡು. 38ಕ್ಕೆ 152 ಆಗಬೇಕು. ಉಳಿದ ಎರಡು ಎಲ್ಲಿ?

ಮಲ್ನಾಡ್_ಅಡ್ಮಿನ್ | 9:50
ಮೇಲ್ ಸರ್ವರ್ ಗಡಿಯಾರ ಹಿಂದೆ ಮುಂದೆ ಇದ್ದರೂ ಮೇಲ್ ಬೇರೆ ದಿನದ್ದರಲ್ಲಿ ಸೇರಿಕೊಳ್ಳಬಹುದು. ನೋಡಿ.

ರಾತ್ರಿಪಾಳಿ | ಮಧ್ಯಾಹ್ನ 1:15
ಹೋಗುವಾಗ 76, ಬರುವಾಗ 74. ಕಡಿಮೆ ಇರೋದು ಡಿಬಿ-07 ಅನ್ನೋ ಸರ್ವರ್‌ನದ್ದು. ಬಿಎಂಸಿ ಜೊತೆ ಮಾತಾಡುವ ಐಪಿಎಂಐಟೂಲ್‌ನಲ್ಲಿ ಎಸ್‌ಇಎಲ್ (ಬಿಎಂಸಿಯ ಘಟನೆಗಳ ಪಟ್ಟಿ) ತೆಗೆದೆ. ಮಿಕ್ಕ ಎಲ್ಲದರಲ್ಲೂ "ಅಸರ್ಟೆಡ್" (ತೊಂದರೆ ಶುರು) ಕೆಳಗೆ "ಡಿಅಸರ್ಟೆಡ್" (ತೊಂದರೆ ಮುಗಿಯಿತು) ಇದೆ. ಇದರಲ್ಲಿ ಮೊದಲನೆಯದು ಮಾತ್ರ. ಈಗ ಅದರ ಹಿಂದೆಯೇ ನಿಂತಿದ್ದೇನೆ. ಪಿಡಿಯು ಔಟ್‌ಲೆಟ್‌ನಲ್ಲಿ ಕರೆಂಟ್ ಇದೆ. ಪಕ್ಕದ ಸರ್ವರ್‌ನ ಕೇಬಲ್ ಹಾಕಿ ನೋಡಿದೆ, ಪಿಎಸ್‌ಯು-1ರ ದೀಪ ಕಿತ್ತಳೆಯೇ. ಫ್ಯಾನ್ ಕೂಡ ತಿರುಗುತ್ತಿಲ್ಲ.

ತುಂಗಾತೀರ | 1:22
ವರ್ಷಗಟ್ಟಲೆ ಆರದೆ ಓಡಿದ ಪಿಎಸ್‌ಯು ಒಮ್ಮೆ ಆರಿ ಮತ್ತೆ ಹತ್ತುವಾಗ ಸಾಯೋದು ಜಾಸ್ತಿ. ಇದನ್ನು ಹಾಗೇ ಬಿಟ್ಟು ಶನಿವಾರ ಬಿ ಫೀಡ್ ಇಳಿಸಿದ್ದರೆ ಡಿಬಿ-07 ಪೂರ್ತಿ ಆಫ್.

ಮೈಸೂರ್_ರ‍್ಯಾಕ್ | 1:30
ಅದಕ್ಕೇ ಅಂಥ ರಾತ್ರಿ ಆ ಸರ್ವರ್‌ಗಳ ಅಲರ್ಟ್ ಎಲ್ಲವನ್ನೂ ಒಟ್ಟಿಗೆ ಆಫ್ ಮಾಡಿ, ಬೆಳಿಗ್ಗೆ ಒಂದು ಸಲ ಸುತ್ತು ಹೊಡೆದು ನೋಡಿದರೆ ಸಾಕು.

ತುಂಗಾತೀರ | 1:37
ಒಪ್ಪಲ್ಲ. ಆ ಆರು ಗಂಟೆ ಎಲ್ಲ ಸರ್ವರ್ ಒಂದೇ ಕಾಲಲ್ಲಿ ನಿಂತಿರುತ್ತವೆ. ಬಿ ಕಡೆಯ ಪಿಎಸ್‌ಯು ಕೈಕೊಟ್ಟರೆ ಅದೇ ನಿಮಿಷ ಗೊತ್ತಾಗಬೇಕು. ಟೆಂಪರೇಚರ್ ಅಲರ್ಟ್ ಕೂಡ ಮುಟ್ಟಬೇಡಿ. ಬಿಎಂಸಿಯ ನೇರ ಮೇಲ್ ನಿಲ್ಲಿಸಿ, ಬಿಎಂಸಿಯ ಮಾಹಿತಿ ಓದಿ ಕೊಡುವ ಐಪಿಎಂಐ ಎಕ್ಸ್‌ಪೋರ್ಟರ್ ಮೂಲಕ ಎಲ್ಲವನ್ನೂ ಅಲರ್ಟ್‌ಮ್ಯಾನೇಜರ್‌ಗೆ ತನ್ನಿ. ಪಿಎಸ್‌ಯು ಅಲರ್ಟ್‌ಗೆ ಫೀಡ್ ಅಂತ ಲೇಬಲ್ ಕೊಡಿ. ಸೈಲೆನ್ಸ್ ಆ ಫೀಡ್‌ಗೆ ಮತ್ತು ರಿಡಂಡೆನ್ಸಿ ಅಲರ್ಟ್‌ಗೆ ಮಾತ್ರ.

ರಾತ್ರಿಪಾಳಿ | ಬುಧವಾರ ಸಂಜೆ 6:48
ಹೊಸ ಪಿಎಸ್‌ಯು ಬಂತು, ಹಾಕಿದೆ, ಹಸಿರು. ಮಿಕ್ಕ 37 ಕೇಸ್ ಒಂದೊಂದಾಗಿ ಮುಚ್ಚಿಸಿದೆ. 38 ಸರ್ವರ್‌ನ ಎರಡೂ ಪಿಎಸ್‌ಯು ಹಸಿರು ಅಂತ ಕಣ್ಣಲ್ಲಿ ನೋಡದೆ ಬಿ ಫೀಡ್ ಇಳಿಸಬೇಡಿ ಅಂತ ಡೇಟಾ ಸೆಂಟರ್‌ನವರಿಗೆ ಬರೆದು ಕೊಟ್ಟಿದ್ದೇನೆ. ತುಂಗಾತೀರ ಸರ್, ಆ ಎರಡು ಮೇಲ್ ಎಣಿಸಿದ್ದಕ್ಕೆ ತುಂಬಾ ಥ್ಯಾಂಕ್ಸ್. ಒಂದೇ ಪಿಎಸ್‌ಯು ಇರುವ ಎರಡು ಸ್ವಿಚ್ ಬಿ ಫೀಡ್‌ನಲ್ಲೇ ಇವೆ. ಅದಕ್ಕೆ ಎಟಿಎಸ್ (ಒಂದು ಫೀಡ್ ಹೋದರೆ ತಾನಾಗೇ ಇನ್ನೊಂದಕ್ಕೆ ಬದಲಿಸುವ ಸಾಧನ) ಹಾಕಿದವರು ಯಾರಾದರೂ ಇದ್ದೀರಾ?