ಗುಜರಿಯಿಂದ ಗಲ್ಲಕ್ಕೆ

"ಲೋ ಶೀನ, ಲಾರಿ ಕಮಾನು ಪಟ್ಟಿ ಸಿಕ್ಕಿದೆ. ಕ್ಷೌರದ ಕತ್ತಿ ಆಗುತ್ತಾ?"

"ಮಚ್ಚು ಆಗುತ್ತೆ. ಅದರಲ್ಲಿ ಇಂಗಾಲ ಶೇಕಡಾ 0.6ರ ಆಸುಪಾಸು. ಗಡ್ಡಕ್ಕೆ 1 ಇದ್ರೆ ಚೆನ್ನ. ಗುಜರಿಯಲ್ಲಿ ಬಾಲ್ ಬೇರಿಂಗಿನ ಹೊರಬಳೆ ಹುಡುಕು. ಕುಲುಮೆಯಲ್ಲಿ ಬಡಿದು ಪಟ್ಟಿ ಮಾಡಿ, ಬೂದಿಯೊಳಗೆ ನಿಧಾನಕ್ಕೆ ಆರಿಸು. ಇಲ್ಲಾಂದ್ರೆ ಡ್ರಿಲ್ ಇಳಿಯಲ್ಲ."

"ಅಳತೆ?"

"ಅಗಲ 20 ಮಿಲಿಮೀಟರ್, ಬೆನ್ನಿನ ದಪ್ಪ 5.7. ಸಾಣೆಕಲ್ಲಿನ ಮೇಲೆ ಬೆನ್ನೂ ಬಾಯಿಯೂ ಒಟ್ಟಿಗೇ ಮಲಗ್ತಾವೆ. ಹಾಗಾಗಿ ಕೋನ ನಿನ್ನ ಕೈಲಿಲ್ಲ, ಬೆನ್ನಲ್ಲಿದೆ. ಈ ಲೆಕ್ಕಕ್ಕೆ 16 ಡಿಗ್ರಿ. ಬೆನ್ನು 4 ಆದ್ರೆ ಹನ್ನೊಂದೂವರೆ, ಬಾಯಿ ಪುಡಿಪುಡಿಯಾಗಿ ಉದುರುತ್ತೆ. 8 ಮಾಡಿದ್ಯೋ, 22 ದಾಟ್ತು. ಅದರಲ್ಲಿ ತೆಂಗಿನಕಾಯಿ ಸುಲಿ."

ನಾಗ ಬಾಯಿ ಹಾಕಿದ. "ಆಮೇಲೆ ಕಾಯಿಸಿ ಎಣ್ಣೆಗೆ ಬಿಡೋದು, ಅಷ್ಟೇ ತಾನೆ?"

"ಬಜ್ಜಿ ಅಲ್ಲ ಕಣೋ! ಹಿಡಿಗೆ ಸೇರಿಸೋ ಪಿನ್ನಿನ ತೂತು ಮೊದಲೇ ಕೊರಿ. ಬಾಯಿ ಹತ್ರ 1 ಮಿಲಿಮೀಟರ್ ದಪ್ಪ ಉಳಿಸು. ಈಗಲೇ ತೆಳು ಮಾಡಿದ್ರೆ ಎಣ್ಣೆಯಿಂದ ಚಕ್ಕುಲಿ ಎದ್ದು ಬರುತ್ತೆ. 770 ಡಿಗ್ರಿ ಹತ್ರ ಅಯಸ್ಕಾಂತ ಅಂಟೋದು ಬಿಡುತ್ತೆ, ಅಲ್ಲಿಗೇ ನಿಲ್ಲಿಸ್ಬೇಡ. ಈ ಉಕ್ಕಿಗೆ 840 ಬೇಕು. ಎಣ್ಣೆ 50-60ಕ್ಕೆ ಬೆಚ್ಚಗಿರಲಿ. ನೀರಿಗೆ ಅದ್ದಿದ್ರೆ 'ಟಿಂಗ್' ಅನ್ನುತ್ತೆ."

"ಅಂದ್ರೆ?"

"ಬಿರುಕು. ಮತ್ತೆ ಗುಜರಿಗೆ. ಅರ ತೀಡಿದಾಗ ಗಾಜಿನ ಮೇಲೆ ಜಾರಿದಂಗೆ ಜಾರಿದ್ರೆ ಗಟ್ಟಿಯಾಗಿದೆ ಅಂತ. ಕೂಡಲೇ ಓವನ್‌ನಲ್ಲಿ 200 ಡಿಗ್ರಿ, ಎರಡು ಗಂಟೆ, ಎರಡು ಸಲ. ಎಣ್ಣೆ ಒರೆಸಿ ಇಡಪ್ಪಾ, ಇಲ್ಲಾಂದ್ರೆ ಮನೆಯವರ ಮುಂದಿನ ಕೇಕು ಗ್ಯಾರೇಜ್ ವಾಸನೆ. ಕತ್ತಿಯ ಮೊದಲ ಗಿರಾಕಿ ನೀನೇ."

"ಮುಗೀತಾ?"

"ಕಷ್ಟ ಶುರುವಾಗೋದೇ ಈಗ. ಗ್ರೈಂಡರಿನ ಚಕ್ರಕ್ಕೆ ಒಡ್ಡಿ ಎರಡೂ ಮಗ್ಗುಲಿಗೆ ಕುಳಿ ತೆಗೀಬೇಕು, ಬರಿಗೈಲಿ."

"ಕೈ ಸುಡಲ್ವಾ?"

"ಸುಡ್ಲಿ ಅಂತಲೇ! ಬೆರಳಿಗೆ ಬಿಸಿ ತಾಕಿದ ತಕ್ಷಣ ನೀರಿಗೆ ಅದ್ದು. ಬಾಯಲ್ಲಿ ನೀಲಿ ಕಂಡ್ರೆ 300 ಡಿಗ್ರಿ ಮುಟ್ಟಿದೆ, ಹದ ಹೋಯ್ತು. ಅಷ್ಟೂ ಸವೆಸಿ ತೆಗೀಬೇಕು. 6/8 ಅಂಗುಲ ಅಗಲ ಅಂತ ಶುರುವಾದ ಕತ್ತಿ 5/8 ಆಗೋದು ಹೀಗೇ. ಆಗ ಬೆನ್ನೂ ತೆಳು ಮಾಡ್ಬೇಕು, ಕೋನ ಕೆಡುತ್ತಲ್ಲ."

"ಹಿಡಿ?"

"ಬೀಟೆ ಮರ, 1.6 ಮಿಲಿಮೀಟರ್ ಹಿತ್ತಾಳೆ ಪಿನ್ನು. ಸುತ್ತಿಗೆ ಜೋರಾದ್ರೆ ಮರ ಸೀಳುತ್ತೆ. ಸಡಿಲ ಬಿಟ್ರೆ ಮಡಚುವಾಗ ಬಾಯಿ ಹಿಡಿಗೇ ಬಡಿದು ಮುಕ್ಕಾಗುತ್ತೆ. ಆಮೇಲೆ ಸಾಣೆಕಲ್ಲು, ನಂಬರ್ 1000, 4000, 8000, 12000, ಒಂದಕ್ಕಿಂತ ಒಂದು ನುಣುಪು. ಕೊನೆಗೆ ಚರ್ಮದ ಪಟ್ಟಿ, 50 ಸಲ, ಬೆನ್ನು ಮುಂದಾಗಿ. ಬಾಯಿ ಮುಂದು ಮಾಡಿದ್ರೆ ಪಟ್ಟಿ ಎರಡು ಹೋಳು."

"ಹರಿತ ಆಯ್ತು ಅಂತ ಗೊತ್ತಾಗೋದು ಹೇಗೆ?"

"ತೂಗುಬಿಟ್ಟ ಕೂದಲು ತಾಕಿದ ಕೂಡಲೇ ತುಂಡಾಗ್ಬೇಕು."

ನಾಗ ಟೋಪಿ ಸರಿಮಾಡಿಕೊಂಡ. "ನನ್ನ ಕಡೆ ನೋಡ್ಬೇಡಿ. ಇರೋದೇ ಹದಿನಾಲ್ಕು."