ಕ್ಲೇಡ್‌ಗೆ ‘ಬಳಿ’ ಬೇಡ, ‘ಕವಲು’ ಇರಲಿ (ಫಲಕದ ಪದಗಳು, ತುರ್ತು)

ಫೋಂಡಾದ ಮೇಡಂ ಅವರಿಗೆ ನಮಸ್ಕಾರ.

ಗಿಡಮರಗಳ ವಿಂಗಡಣೆಯ ಕ್ಲೇಡ್, ಸಬ್‌ಫ್ಯಾಮಿಲಿ, ಟ್ರೈಬ್ ಪದಗಳಿಗೆ ಕನ್ನಡ ಏನು ಅಂತ ಕೇಳಿದ್ದೀರಿ. ಅಶೋಕ ಮರದ ನಿಮ್ಮ ಕನ್ನಡ-ಮರಾಠಿ ಫಲಕ ಗುರುವಾರ ಪ್ರಿಂಟಿಗೆ ಹೋಗಬೇಕು ಅಂದಿದ್ದೀರಿ. ಹಾಗಾಗಿ ಮೊದಲು ಉತ್ತರ. ಒಂದೇ ಮೂಲದಿಂದ ಹುಟ್ಟಿದ್ದೆಲ್ಲ ಸೇರಿದ ಗುಂಪು, ಅಂದರೆ ಕ್ಲೇಡ್‌ಗೆ ಕವಲು. ಸಬ್‌ಫ್ಯಾಮಿಲಿಗೆ ಉಪಕುಟುಂಬ. ಅದರ ಕೆಳಗಿನ ಮೆಟ್ಟಿಲಾದ ಟ್ರೈಬ್ ಅನ್ನುವುದನ್ನು ಫಲಕದಿಂದಲೇ ತೆಗೆದುಬಿಡಿ. ಕಾರಣ ಬೇಕಿದ್ದರೆ ಮುಂದೆ ಓದಿ.

ಟ್ರೈಬ್‌ಗೆ ‘ಬುಡಕಟ್ಟು’ ಅಂತ ಇಲ್ಲಿ ಒಬ್ಬರು ಬರೆದರು. ಖಂಡಿತ ಬೇಡ. ‘ಮಳೆಕಾಡಿನಲ್ಲಿ ಹೊಸ ಬುಡಕಟ್ಟು’ ಅಂತ ಓದಿದವರು ಮನುಷ್ಯರ ಬಗ್ಗೆಯೇ ಯೋಚಿಸುತ್ತಾರೆ. ‘ಪಂಗಡ’ ಅಂದರೂ ಅಷ್ಟೇ, ಅದು ಸರಕಾರಿ ಪಟ್ಟಿಯ ಪದ.

ಡೊಂಬಿವಲಿಯ ರಾಯರು ಕ್ಲೇಡ್‌ಗೆ ಕರಾವಳಿಯಲ್ಲಿ ವಂಶಕ್ಕೆ ಹೇಳುವ ‘ಬಳಿ’ ಸೂಚಿಸಿ, ಅದರ ಬೇರು ಹುಡುಕಲು ಮೂರು ಪತ್ರ ಬರೆದಿದ್ದಾರೆ. ರಾಯರೇ, ಪದ ಚೆಂದ, ಅರ್ಥ ಕೂಡುವುದಿಲ್ಲ. ಒಂದು ಮೂಲ ಮತ್ತು ಅದರಿಂದ ಹುಟ್ಟಿದ್ದೆಲ್ಲ, ಒಂದನ್ನೂ ಬಿಡದೆ ಸೇರಿದರೆ ಮಾತ್ರ ಕ್ಲೇಡ್. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನಲ್ಲಿ ಬಳಿ ತಾಯಿಯಿಂದ ಬರುತ್ತದೆ. ಮಗನ ಮಕ್ಕಳು ಅವರ ತಾಯಿಯ ಬಳಿಗೆ ಸೇರುತ್ತಾರೆ. ಗೋತ್ರದಲ್ಲಿ ಮಗಳ ಮಕ್ಕಳು ಹೊರಗೆ. ಬೆಡಗು, ಮನೆತನ ಎಲ್ಲದಕ್ಕೂ ಇದೇ ತೊಡಕು. ಮನುಷ್ಯರ ಸಂಬಂಧದ ಪದಗಳು ಸಂತಾನದ ಒಂದು ಪಾಲನ್ನು ಬಿಟ್ಟೇ ಲೆಕ್ಕ ಹಾಕುತ್ತವೆ. ಕ್ಲೇಡ್ ಹಾಗೆ ಬಿಡುವಂತಿಲ್ಲ.

ಕವಲಿಗೆ ಈ ತೊಂದರೆ ಇಲ್ಲ. ಮರದ ಒಂದು ಕವಲನ್ನು ಬುಡದಲ್ಲಿ ಕಡಿದರೆ ಅದರ ರೆಂಬೆ, ಎಲೆ ಎಲ್ಲವೂ ಒಟ್ಟಿಗೆ ಬೀಳುತ್ತವೆ. ಬೇರೆ ಕವಲಿನ ಒಂದೆಲೆಯೂ ಬೀಳುವುದಿಲ್ಲ. ಕ್ಲೇಡ್ ಹೌದೋ ಅಲ್ಲವೋ ಅಂತ ನೋಡುವುದೂ ಹೀಗೇ ಅಲ್ವಾ? ಗ್ರೀಕಿನ ‘ಕ್ಲಾಡೋಸ್’ ಅಂದರೂ ಕೊಂಬೆಯೇ. ‘ಕವಲು ಅಂದರೆ ಒಡೆಯುವ ಜಾಗ ಮಾತ್ರ, ಕೊಂಬೆಯಲ್ಲ’ ಅಂತ ಒಬ್ಬರ ತಕರಾರು. ‘ಹೊಳೆ ಎರಡು ಕವಲಾಗಿ ಹರಿಯುತ್ತದೆ’ ಅನ್ನುವಾಗ ಹರಿಯುವುದು ಜಾಗವಲ್ಲ, ನೀರು. ಈ ತಕರಾರು ನಿಲ್ಲುವುದಿಲ್ಲ. ‘ಶಾಖೆ’ ತಪ್ಪಲ್ಲ, ಆದರೆ ಬ್ಯಾಂಕು ಮೊದಲು ನೆನಪಾಗುತ್ತದೆ.

ಇನ್ನು ನಿಮ್ಮ ವಾಕ್ಯ. ‘ಹೊಸದಾಗಿ ಪತ್ತೆಯಾದ ಗುಂಪು’ ಅಂತ ಕರಡಿನಲ್ಲಿದೆ. ‘ಪತ್ತೆಯಾದ’ ತೆಗೆದು ‘ಗುರುತಿಸಿದ’ ಹಾಕಿ. ಗಿಡಗಳು ಯಾವತ್ತಿನಿಂದಲೂ ಇದ್ದವು, ಹೊಸದು ವಿಂಗಡಣೆ. ಅವರೆ, ತೊಗರಿಯ ಫೇಬೇಸೀ ಕುಟುಂಬವನ್ನು ಹೂವಿನ ಆಕಾರ ನೋಡಿ ಮೂರು ಉಪಕುಟುಂಬ ಮಾಡಿದ್ದರು. ಅದರಲ್ಲಿ ಸೀಸಾಲ್ಪಿನಿಯಾಯ್ಡೀ ಒಂದು ಕವಲೇ ಆಗಿರಲಿಲ್ಲ. ಬೇರೆ ಎರಡಕ್ಕೂ ಸೇರದ ಗಿಡಮರಗಳನ್ನೆಲ್ಲ ಅಲ್ಲಿ ಇಟ್ಟಿದ್ದರು. ಎಲೆಯ ಹಸಿರು ಕಣವಾದ ಕ್ಲೋರೋಪ್ಲಾಸ್ಟಿನ ಮ್ಯಾಟ್‌ಕೆ ಅನ್ನುವ ಜೀನ್ ಹೋಲಿಸಿದ ಮೇಲೆ, 2017ರಲ್ಲಿ ಆರು ಉಪಕುಟುಂಬಗಳಾದವು. ಮುಟ್ಟಿದರೆ ಮುನಿಯ ಇದ್ದ ಮೈಮೋಸಾಯ್ಡೀ ಉಪಕುಟುಂಬದ ಪಟ್ಟ ಕಳೆದುಕೊಂಡು ಸೀಸಾಲ್ಪಿನಿಯಾಯ್ಡೀಯ ಒಳಗಿನ ಒಂದು ಕವಲಾಯಿತು. ಡುಪಾರ್ಕೆಟಿಯಾಯ್ಡೀ ಅನ್ನುವ ಉಪಕುಟುಂಬದಲ್ಲಿ ಇರುವುದು ಒಂದೇ ಒಂದು ಪ್ರಭೇದ (ಸ್ಪೀಷೀಸ್), ಆಫ್ರಿಕದ ಮಳೆಕಾಡಿನ ಒಂದು ಗಿಡ. ಒಂದೇ ಗಿಡಕ್ಕೆ ‘ಗುಂಪು’ ಅನ್ನುವುದು ಕಿವಿಗೆ ಹಿಡಿಸುವುದಿಲ್ಲ, ‘ಕವಲು’ ಅಂದರೆ ಸಲೀಸು.

ನಿಮ್ಮ ಫಲಕದ ಅಶೋಕ ಡೆಟಾರಿಯಾಯ್ಡೀಗೆ ಸೇರಿದ್ದು. ಪಶ್ಚಿಮಘಟ್ಟದ ನಿತ್ಯಹಸಿರು ಕಾಡಿನ, ಕಿತ್ತಳೆ-ಕೆಂಪು ಗೊಂಚಲಿನ ಅಶೋಕ ಅಂತ ಸ್ಪಷ್ಟವಾಗಿ ಬರೆಯಿರಿ. ಇಲ್ಲಿ ಪುಣೆಯಲ್ಲಿ ಸೊಸೈಟಿ ಗೇಟಿನ ಹತ್ತಿರ ನೆಟ್ಟಗೆ ನಿಂತ ಮರವನ್ನೂ ಜನ ಅಶೋಕ ಅನ್ನುತ್ತಾರೆ. ಅದು ಸೀತಾಫಲದ ಕುಟುಂಬದ್ದು.

ನನಗೆ ಜಾಸ್ತಿ ಆತಂಕ ಇರುವುದು ಪಕ್ಕದ ಮರಾಠಿ ಸಾಲಿನ ಬಗ್ಗೆ. ಮರಾಠಿಯಲ್ಲಿ ‘ಕುಳ’ ಅಂದರೆ ಫ್ಯಾಮಿಲಿ. ಕನ್ನಡದಲ್ಲಿ ಕೆಲವರು ‘ಕುಲ’ ಅನ್ನುವುದು ಜೀನಸ್‌ಗೆ, ಅಂದರೆ ಕುಟುಂಬಕ್ಕೂ ಪ್ರಭೇದಕ್ಕೂ ನಡುವಿನ ಮೆಟ್ಟಿಲಿಗೆ. ನಮ್ಮ ಶಾಲೆಯ ಪುಸ್ತಕಗಳಲ್ಲಿ ‘ಜಾತಿ’ ಜೀನಸ್, ‘ಪ್ರಭೇದ’ ಸ್ಪೀಷೀಸ್. ಮರಾಠಿಯವರಿಗೆ ‘ಜಾತಿ’ಯೇ ಸ್ಪೀಷೀಸ್. ಅಂದರೆ ಒಂದೇ ಫಲಕದಲ್ಲಿ, ಒಂದೇ ಪದ, ಎರಡು ಮೆಟ್ಟಿಲು! ಮುಂಬೈ, ಪುಣೆ, ಗೋವಾದಲ್ಲಿ ಬೆಳೆದ ನಮ್ಮ ಮಕ್ಕಳು ಎರಡೂ ಲಿಪಿ ಓದುತ್ತಾರೆ. ಅವರೇ ಮೊದಲು ಎಡವುತ್ತಾರೆ. ಮರಾಠಿಯನ್ನು ನೋಡಿ ಸುಮ್ನೆ ಅಕ್ಷರ ಬದಲಿಸಬೇಡಿ. ಕುಟುಂಬ, ಉಪಕುಟುಂಬ, ಪ್ರಭೇದ ಸಾಕು. ಕುಲ, ಜಾತಿ ಎರಡೂ ಈ ಫಲಕಕ್ಕೆ ಬೇಡ.

‘ಕುಟುಂಬ ಸಂಸ್ಕೃತ, ಮನೆ ಅನ್ನಿ’ ಅಂದವರಿಗೆ: ಕನ್ನಡ ಓದುವ ಯಾರೂ ಕುಟುಂಬ ಪದಕ್ಕೆ ತಡವರಿಸುವುದಿಲ್ಲ. ಅಷ್ಟು ಸಾಕು.

‘ಡೆಟಾರಿಯಾಯ್ಡೀಯನ್ನೂ ಕನ್ನಡ ಮಾಡಿ’ ಅನ್ನುವುದಕ್ಕೆ ನನ್ನ ಕಟ್ಟಾ ವಿರೋಧ. ಅದು ಹೆಸರು. ಹೆಸರನ್ನು ಅನುವಾದ ಮಾಡಿದರೆ ಬೇರೆ ದೇಶದ ಗಿಡದೊಂದಿಗೆ ಅದನ್ನು ತಾಳೆ ನೋಡಲು ಆಗುವುದಿಲ್ಲ. ಅದರ ಕೊನೆಯ ‘ಆಯ್ಡೀ’ ಉಪಕುಟುಂಬ ಅಂತಲೂ, ‘ಏಸೀ’ ಕುಟುಂಬ ಅಂತಲೂ ಹೇಳುತ್ತದೆ. ಆ ಗುರುತನ್ನು ಯಾಕೆ ಅಳಿಸಬೇಕು? ಎರವಲು ಒಂದೇ ದಿಕ್ಕಿನದೂ ಅಲ್ಲ. ಅಶೋಕದ ಶಾಸ್ತ್ರೀಯ ಹೆಸರು ಸರಾಕಾ ಅಸೋಕಾ. ನಮ್ಮ ಪದ ಅಲ್ಲಿಗೆ ಹೋಗಿ ಕೂತಿದೆ, ಇಡೀ ಲೋಕ ಹಾಗೇ ಬರೆಯುತ್ತದೆ. ಅವರ ಒಂದು ಹೆಸರನ್ನು ನಾವು ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಕನ್ನಡಕ್ಕೆ ಏನೂ ಕಡಿಮೆಯಾಗುವುದಿಲ್ಲ. ಹೆಸರನ್ನು ಇದ್ದ ಹಾಗೆ ಇಡಿ, ವಿವರಣೆಯನ್ನು ಕನ್ನಡದಲ್ಲಿ ಕೊಡಿ.

ಮೇಡಂ, ಫಲಕಕ್ಕೆ ಹೀಗೆ ಬರೆಯಬಹುದು:

‘ಪಶ್ಚಿಮಘಟ್ಟದ ಅಶೋಕವೂ ಆಫ್ರಿಕದಿಂದ ಬಂದ ಹುಣಸೆಯೂ ಫೇಬೇಸೀ ಕುಟುಂಬದ ಒಂದೇ ಕವಲಿನ ಮರಗಳು. ಈ ಕವಲನ್ನು 2017ರ ವಿಂಗಡಣೆಯಲ್ಲಿ ಡೆಟಾರಿಯಾಯ್ಡೀ ಎಂಬ ಉಪಕುಟುಂಬವಾಗಿ ಗುರುತಿಸಲಾಯಿತು.’

ಜಾಗ ಸಾಲದಿದ್ದರೆ ಎರಡನೇ ವಾಕ್ಯ ಬಿಡಿ. ಮರಾಠಿ ಕರಡು ಕಳಿಸಿ, ನಾಳೆ ಸಂಜೆಯೊಳಗೆ ಎರಡನ್ನೂ ತಾಳೆ ನೋಡಿ ಹೇಳುತ್ತೇನೆ.