ಹೈವೇಯಲ್ಲಿ ಬೆಲ್ಟ್ ನಡುಕ: ಟೆನ್ಷನರ್ ಹಾಕಿಸಬೇಕಾ, ಬಿಗಿ ಮಾಡಿಸಬೇಕಾ?

ಮುಕ್ಕಾಲಿ_ಡಲ್ಲಾಸ್:
ಎಲ್ಲರಿಗೂ ನಮಸ್ಕಾರ. ನನ್ನದು ಮುಂದೆ ಎರಡು, ಹಿಂದೆ ಒಂದು ಚಕ್ರದ ಟೂರಿಂಗ್ ಗಾಡಿ. ಹಿಂದಿನ ಟೈರ್ 225/50 ಆರ್15. ಗಂಟೆಗೆ 65 ಮೈಲಿ ದಾಟುತ್ತಿದ್ದಂತೆ ಕಾಲಿಡುವ ಹಲಗೆ ಜುಮ್ಮೆನ್ನುತ್ತದೆ. 72 ದಾಟಿದರೆ ಮಾಯ. ಸರ್ವೀಸ್‌ನವರು "ಈ ಗಾಡಿಗಳೇ ಹೀಗೆ" ಅಂದು ಕಳಿಸಿದರು. ಹಿಂದಿನ ಚಕ್ರ ತಿರುಗಿಸುವ ಬೆಲ್ಟಿನ ಮೇಲೆ ನನಗೆ ಅನುಮಾನ. ಅದನ್ನು ಒತ್ತಿ ಹಿಡಿಯುವ ಟೆನ್ಷನರ್ ರೋಲರ್ ಕಿಟ್ ಹಾಕಿಸಲಾ? ಇಲ್ಲ, ಬೆಲ್ಟನ್ನೇ ಇನ್ನಷ್ಟು ಬಿಗಿ ಮಾಡಿಸಿದರೆ ಸಾಕಾ?

ರಾಯಚೂರು_ರೈಡರ್:
ಬೆಲ್ಟ್ ಅಂದ್ರೆ ನಮ್ಮ ಆಕ್ಟಿವಾದಲ್ಲಿ ಇರುತ್ತಲ್ಲ, ಅದೇ ಥರದ್ದಾ? ಹಾಗಿದ್ರೆ ವೇರಿಯೇಟರ್ ಬಿಚ್ಚಿ ರೋಲರ್ ಸವೆದಿದೆಯಾ ನೋಡಿ.

ಸ್ಪ್ಯಾನರ್_ಶೆಟ್ರು:
ಅದಲ್ಲ ಮಾರಾಯ್ರೆ. ಆಕ್ಟಿವಾದ್ದು ಗೇರಿನ ಕೆಲಸ ಮಾಡುವ ವಿ-ಬೆಲ್ಟ್. ಇದು ಒಳಗೆ ಹಲ್ಲಿರುವ ಬೆಲ್ಟ್, ಚೈನ್ ಇರಬೇಕಾದ ಜಾಗದಲ್ಲಿ ಕೂತಿರುತ್ತದೆ. ಹಾರ್ಲೆಯವರು 1980ರ ಸ್ಟರ್ಜಿಸ್ ಬೈಕಿನಲ್ಲೇ ಹಾಕಿದ್ದರು. ಸ್ಪೈಡರ್, ಸ್ಲಿಂಗ್‌ಶಾಟ್ ಅನ್ನುವ ಮೂರು ಚಕ್ರದ ಗಾಡಿಗಳಲ್ಲೂ ಹಿಂದಿನ ಚಕ್ರ ತಿರುಗಿಸುವುದು ಇಂಥದ್ದೇ. ಅದೇ ಥರದ ಇನ್ನೊಂದು ಗಾಡಿ ರೈಕರ್‌ಗೆ ಮಾತ್ರ ಬೆಲ್ಟ್ ಬದಲು ಶಾಫ್ಟ್.

ಈಗ ಡಲ್ಲಾಸ್‌ನವರ ಪ್ರಶ್ನೆಗೆ. ಸುಮ್ನೆ ಬಿಗಿ ಮಾಡಿಸಲು ಹೋಗಬೇಡಿ. ಎರಡು ಪುಲ್ಲಿಗಳ ನಡುವೆ ಉದ್ದಕ್ಕೆ ಎಳೆದು ಕಟ್ಟಿದ ಬೆಲ್ಟ್ ತಂಬೂರಿಯ ತಂತಿ ಇದ್ದಹಾಗೆ, ಅದಕ್ಕೆ ಅದರದೇ ಒಂದು ಶ್ರುತಿ ಇರುತ್ತದೆ. ನಿಮ್ಮ ಅಳತೆಯ ಟೈರ್ 68 ಮೈಲಿ ವೇಗದಲ್ಲಿ ಸೆಕೆಂಡಿಗೆ ಸುಮಾರು 16 ಸುತ್ತು ತಿರುಗುತ್ತದೆ. ಆ ತಾಳಕ್ಕೋ ಅದರ ಎರಡರಷ್ಟಕ್ಕೋ ಮೂರರಷ್ಟಕ್ಕೋ ಬೆಲ್ಟಿನ ಶ್ರುತಿ ಕೂಡಿಕೊಂಡರೆ ಅದು ಮೇಲೆ ಕೆಳಗೆ ಕುಣಿಯುತ್ತದೆ. ವೇಗ ಬದಲಾದರೆ ತಾಳ ತಪ್ಪುತ್ತದೆ, ಕುಣಿತ ನಿಲ್ಲುತ್ತದೆ. 65ರಿಂದ 72ರ ನಡುವೆ ಮಾತ್ರ ಬರುತ್ತದೆ ಅಂದಿರಲ್ಲ, ಅದಕ್ಕೇ ಬೆಲ್ಟ್ ಮೇಲೆ ಅನುಮಾನ. ಬಿಗಿ ಮಾಡಿದರೆ ಶ್ರುತಿ ಏರುತ್ತದೆ, ಅಷ್ಟೇ. ನಡುಕ 68ರ ಬದಲು ಇನ್ನೂ ಮೇಲಿನ ವೇಗದಲ್ಲಿ ಶುರುವಾಗಬಹುದು. ಅತಿಯಾದ ಬಿಗಿತಕ್ಕೆ ಬಲಿಯಾಗುವುದು ಗೇರ್‌ಬಾಕ್ಸ್‌ನ ಔಟ್‌ಪುಟ್ ಶಾಫ್ಟ್ ಬೇರಿಂಗ್ ಮತ್ತು ಹಿಂದಿನ ಚಕ್ರದ ಬೇರಿಂಗ್. ಹಾಗಂತ ತೀರಾ ಸಡಿಲವೂ ಬೇಡ, ಜೋರಾಗಿ ಆಕ್ಸಿಲರೇಟರ್ ಕೊಟ್ಟಾಗ ಬೆಲ್ಟ್ ಪುಲ್ಲಿಯ ಒಂದು ಹಲ್ಲಿನಿಂದ ಇನ್ನೊಂದಕ್ಕೆ ಜಿಗಿಯುತ್ತದೆ.

ಮೊದಲು ನಡುಕ ಬೆಲ್ಟಿನದ್ದೇನಾ ಅಂತ ನೋಡಿಕೊಳ್ಳಿ. 68ರಲ್ಲಿ ಹೋಗುತ್ತಾ ಒಂದು ಗೇರ್ ಇಳಿಸಿ, ವೇಗ ಅಷ್ಟೇ ಇರಲಿ. ನಡುಕ ಹೋದರೆ ಅದು ಇಂಜಿನ್‌ದು. ಹೋಗದಿದ್ದರೆ ಆಕ್ಸಿಲರೇಟರ್ ಪೂರ್ತಿ ಬಿಡಿ. ಇಂಜಿನ್ ಎಳೆಯುವಾಗ ಬೆಲ್ಟಿನ ಮೇಲಿನ ಸಾಲು ಬಿಗಿ, ಕೆಳಗಿನದು ಸಡಿಲ. ಬಿಟ್ಟ ಕೂಡಲೇ ಇದು ತಿರುಗುಮುರುಗು. ಆ ಕ್ಷಣಕ್ಕೆ ನಡುಕದ ರೀತಿ ಬದಲಾದರೆ ಬೆಲ್ಟೇ ಕಳ್ಳ. ಏನೂ ಬದಲಾಗದಿದ್ದರೆ ಟೈರ್ ನೋಡಿ. ಕಾರಿನ ಟೈರಿನಂಥ ಚಪ್ಪಟೆ ಮೈ ಅಲ್ವಾ, ಬ್ಯಾಲೆನ್ಸ್ ತಪ್ಪಿದರೆ ಇದೇ ವೇಗದಲ್ಲಿ ಕಾಟ ಕೊಡುತ್ತದೆ.

ಮುಕ್ಕಾಲಿ_ಡಲ್ಲಾಸ್:
ಶೆಟ್ರೇ, ಗೇರ್ ಇಳಿಸಿದರೂ ನಡುಕ ಹಾಗೇ ಇದೆ. ಆಕ್ಸಿಲರೇಟರ್ ಬಿಟ್ಟರೆ ಪಟ್ಟಂತ ಕಡಿಮೆ. ಟೈರ್ ಬ್ಯಾಲೆನ್ಸ್ ಸರಿಯಿದೆ. ಹಾಗಾದರೆ ಕಿಟ್ ತರಿಸಲಾ?

ಸ್ಪ್ಯಾನರ್_ಶೆಟ್ರು:
ತಡೀರಿ. ಹಿಂದಿನ ಚಕ್ರ ನೆಲ ಬಿಡುವ ಹಾಗೆ ಎತ್ತಿ ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಇಂಜಿನ್ ಆಫ್, ಗೇರ್ ನ್ಯೂಟ್ರಲ್. ಚಕ್ರವನ್ನು ಕೈಯಲ್ಲೇ ನಿಧಾನವಾಗಿ ಮುಂದಕ್ಕೆ ತಿರುಗಿಸಿ. ಬೆರಳು ಪುಲ್ಲಿಗೆ ಸಿಕ್ಕಿಕೊಳ್ಳದ ಹಾಗೆ ಜೋಪಾನ. ಕಾಲು ಸುತ್ತಿಗೊಮ್ಮೆ ನಿಲ್ಲಿಸಿ ಬಿಗಿತ ಅಳೆಯಿರಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಅಂತ ಬಂದರೆ ಪುಲ್ಲಿ ದುಂಡಗೆ ತಿರುಗುತ್ತಿಲ್ಲ. ಅದಕ್ಕೆ ಯಾವ ರೋಲರೂ ಮದ್ದಲ್ಲ. ಅಳತೆಯನ್ನು ಚಕ್ರ ಎತ್ತಿ ತೆಗೆಯಬೇಕಾ, ನೆಲದ ಮೇಲಾ ಅಂತ ಮ್ಯಾನುವಲ್‌ನಲ್ಲಿ ಇರುತ್ತದೆ. ಹಾಗೇ ಮಾಡಿ. ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಆಡುವ ತೋಳು) ಇಳಿದಾಗ, ಏರಿದಾಗ ಬಿಗಿತ ಬೇರೆ ಬೇರೆ.

ಹಾಗೇ ಬೆಲ್ಟಿನ ಅಂಚು ನೋಡಿ. ಹಿಂದಿನ ಪುಲ್ಲಿಯ ಅಂಚುಪಟ್ಟಿಗೆ ಅದು ಒತ್ತಿಕೊಂಡು ಓಡಬಾರದು. ಎರಡೂ ಬದಿಯ ಅಡ್ಜಸ್ಟರ್ ತಿರುಗಿಸಿ ಸರಿಮಾಡಿದ ಮೇಲೆ ಆಕ್ಸಲ್ ನಟ್ ಟಾರ್ಕ್ ಮಾಡಿ ಇನ್ನೊಮ್ಮೆ ನೋಡಿ. ನಟ್ ಬಿಗಿಯುವಾಗಲೇ ಬೆಲ್ಟ್ ಸರಿದಿರುತ್ತದೆ, ಎಷ್ಟೋ ಜನ ಇಲ್ಲಿ ನಿಲ್ಲಿಸಿಬಿಡುತ್ತಾರೆ.

ಮುಂದಿನ ಕವರ್ ತೆಗೆದರೆ ಪುಲ್ಲಿಯ ನಡುವೆ ಸ್ಪ್ಲೈನ್, ಅಂದರೆ ಪುಲ್ಲಿ ಶಾಫ್ಟಿಗೆ ಕಚ್ಚಿ ಕೂರುವ ಹಲ್ಲುಗಳು, ಕಾಣುತ್ತದೆ. ಅಲ್ಲಿ ಇಟ್ಟಿಗೆ ಬಣ್ಣದ ಒಣ ಪುಡಿ ಇದೆಯಾ? ಇದ್ದರೆ ಲೋಹಕ್ಕೆ ಲೋಹ ಉಜ್ಜಿ ಸ್ಪ್ಲೈನ್ ಸವೆಯುತ್ತಿದೆ ಅಂತ ಅರ್ಥ. ಆಗ ಬೇರೆಲ್ಲ ಪಕ್ಕಕ್ಕಿಟ್ಟು ಮೊದಲು ಪುಲ್ಲಿ ಬಿಚ್ಚಿಸಿ.

ಮುಕ್ಕಾಲಿ_ಡಲ್ಲಾಸ್:
ಪುಡಿ ಇಲ್ಲ, ಸ್ಪ್ಲೈನ್ ಶುಭ್ರವಾಗಿದೆ. ಎಲ್ಲ ಕಡೆ ಬಿಗಿತ ಒಂದೇ, ಮ್ಯಾನುವಲ್ ಹೇಳಿದ ಮಿತಿಯೊಳಗೇ ಇದೆ. ಆದರೆ ಬೆಲ್ಟ್ ಅಂಚುಪಟ್ಟಿಗೆ ಒತ್ತಿಕೊಂಡಿತ್ತು. ಸರಿಮಾಡಿದೆ. ನಡುಕ ಅರ್ಧಕ್ಕರ್ಧ ಇಳಿದಿದೆ, ಕೀಚು ಶಬ್ದವೂ ನಿಂತಿತು. ಆದರೂ 68ರ ಹತ್ತಿರ ಸ್ವಲ್ಪ ಉಳಿದಿದೆ.

ಸ್ಪ್ಯಾನರ್_ಶೆಟ್ರು:
ಈಗ ಕಿಟ್ ತರಿಸಿ. ಉಳಿದಿರುವುದು ಬೆಲ್ಟಿನ ಸಹಜ ಕುಣಿತ. ರೋಲರ್ ಕೆಳಗಿನ ಸಾಲನ್ನು ನಡುವೆ ಮೆಲ್ಲಗೆ ಒತ್ತಿ ಹಿಡಿಯುತ್ತದೆ, ಉದ್ದದ ಸಾಲು ಎರಡು ತುಂಡಾದ ಹಾಗೆ. ಸ್ಪ್ರಿಂಗ್ ಇರುವ ಕಿಟ್ ಆದರೆ ಲೇಸು, ಸ್ವಿಂಗ್‌ಆರ್ಮ್ ಆಡಿದಂತೆ ಅದೂ ಆಡುತ್ತದೆ. ಜೋರಾಗಿ ಒತ್ತುವ ಹಾಗೆ ಕೂರಿಸಬೇಡಿ.

ರಾಯಚೂರು_ರೈಡರ್:
ಬೆಲ್ಟಿಗೆ ಗ್ರೀಸ್, ಸ್ಪ್ರೇ ಏನಾದ್ರೂ ಹಾಕ್ಬೇಕಾ ಶೆಟ್ರೇ?

ಸ್ಪ್ಯಾನರ್_ಶೆಟ್ರು:
ಏನೂ ಬೇಡ. ಕೊಳೆಯಾದರೆ ಸೋಪು ನೀರು ಸಾಕು. ಬಿಚ್ಚಿದಾಗ ಮಡಚಿ ಇಡಬೇಡಿ, ಒಳಗಿನ ಎಳೆ ಮುರಿಯುತ್ತದೆ. ರೋಲರ್‌ನ ಬೇರಿಂಗ್ ಕೂಡ ಸವೆಯುವ ಸಾಮಾನೇ. ಟೈರ್ ಬದಲಿಸುವಾಗಲೆಲ್ಲ ಅದನ್ನೊಮ್ಮೆ ಕೈಯಲ್ಲಿ ತಿರುಗಿಸಿ ನೋಡಿ, ಗರಗರ ಅಂದರೆ ಬೇರಿಂಗ್ ಹೊಸದು ಹಾಕಿಸಿ.